ಮದ್ದುಗುಂಡಿನ ಅಂತ್ಯಸಂಸ್ಕಾರ

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಿಂದಿನ ಬಿದನೂರಿನಲ್ಲಿ, 2018ರ ಜುಲೈ ತಿಂಗಳಲ್ಲಿ ರಾಜ್ಯ ಪುರಾತತ್ವ ಇಲಾಖೆಯವರು ಒಂದು ಪಾಳು ಬಾವಿಯ ಹೂಳು ತೆಗೆಸಿದರು. ಬಾವಿಯ ಮಣ್ಣಿಗೆ ಮದ್ದಿನ ವಾಸನೆ ಇತ್ತು. ಅಗೆಯುತ್ತ ಹೋದಂತೆ ಕಬ್ಬಿಣದ ಕೊಳವೆಗಳು ಒಂದರ ಮೇಲೊಂದು ಸಿಕ್ಕಿದವು. ಎಣಿಸಿದರೆ ಸಾವಿರಕ್ಕೂ ಹೆಚ್ಚು. ಅವು ಹೈದರ್ ಮತ್ತು ಟಿಪ್ಪುವಿನ ಕಾಲದ ಯುದ್ಧ ರಾಕೆಟ್ಟುಗಳು. ಇನ್ನೂರು ವರ್ಷಕ್ಕೂ ಮಿಗಿಲಾಗಿ ಮಲೆನಾಡಿನ ಮಳೆಯಲ್ಲಿ ನೆನೆದು, ಕೆಸರಿನಲ್ಲಿ ಹೂತು, ಕೊನೆಗೆ ವಸ್ತುಸಂಗ್ರಹಾಲಯದ ಪಾಲಾದವು. ಯಾರಿಗೂ ಗಾಯವಾಗಲಿಲ್ಲ.

ಕನ್ನಡದಲ್ಲಿ ಮದ್ದು ಎಂಬ ಮಾತಿಗೆ ಮೂರು ಅರ್ಥಗಳಿವೆ. ಕಾಯಿಲೆ ಕಳೆಯುವುದು ಮದ್ದು. ಕೋವಿಗೆ ತುಂಬುವುದೂ ಮದ್ದು. ಹಗೆಯ ಅನ್ನದಲ್ಲಿ ಗುಟ್ಟಾಗಿ ಬೆರೆಸುವ ವಿಷವೂ ಮದ್ದೇ, 'ಮದ್ದು ಹಾಕಿದರು' ಎನ್ನುವುದು ಆ ಅರ್ಥದಲ್ಲಿ. ಭಾಷೆಯ ಈ ಜಾಣತನಕ್ಕೆ ರಸಾಯನಶಾಸ್ತ್ರವೂ ಸಾಕ್ಷಿ ಹೇಳುತ್ತದೆ. ಬಂಡೆ ಸಿಡಿಸುವ ನೈಟ್ರೋಗ್ಲಿಸರಿನ್ನನ್ನೇ ಎದೆನೋವಿನ ರೋಗಿ ನಾಲಿಗೆಯಡಿ ಇಟ್ಟುಕೊಳ್ಳುತ್ತಾನೆ. ಡೈನಮೈಟ್ ಕಂಡುಹಿಡಿದ ಆಲ್‌ಫ್ರೆಡ್ ನೊಬೆಲ್‌ಗೆ ಮುಪ್ಪಿನಲ್ಲಿ ವೈದ್ಯರು ಬರೆದುಕೊಟ್ಟದ್ದೂ ಅದನ್ನೇ. ಇವತ್ತಿನ ಮಾತು ಮೂರನೆಯ ಅರ್ಥಕ್ಕೆ ಸಂಬಂಧಿಸಿದ್ದು. ಯುದ್ಧಕ್ಕೆಂದು ಮಾಡಿ, ಯುದ್ಧಕ್ಕೆ ಬಳಸದೆ ಉಳಿದ ಮದ್ದು ನೀರಿಗೂ ಅನ್ನಕ್ಕೂ ವಿಷವಾಗುವ ಬಗೆ ಹೇಗೆ, ಅದನ್ನು ತಡೆಯುವ ದಾರಿ ಯಾವುದು ಎಂಬುದು ವಿಷಯ.

ನಗರದ ಬಾವಿಯ ರಾಕೆಟ್ಟುಗಳು ಊರಿಗೆ ಕೇಡು ಮಾಡದೆ ಇದ್ದುದಕ್ಕೆ ಕಾರಣವಿದೆ. ಆ ಕಾಲದ ಕರಿಮದ್ದು ಎಂದರೆ ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲಿನ ಮಿಶ್ರಣ. ಪೆಟ್ಲುಪ್ಪು ನೀರಿನಲ್ಲಿ ಕರಗಿ ಹೋಗುತ್ತದೆ, ಅದು ಗಿಡಕ್ಕೆ ಗೊಬ್ಬರ ಕೂಡ ಹೌದು. ಇದ್ದಿಲು ಇದ್ದಿಲಾಗಿಯೇ ಉಳಿಯುತ್ತದೆ. ನೆಂದ ಮದ್ದು ಕೆಲಸಕ್ಕೆ ಬಾರದು ಎಂಬ ಗಾದೆಯಂಥ ಮಾತು ಹುಟ್ಟಿದ್ದು ಆ ಮದ್ದಿನಿಂದಲೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಲೆಕ್ಕ ತಲೆಕೆಳಗಾಯಿತು. ಟಿಎನ್‌ಟಿ ಬಂತು, ಆಮೇಲೆ ಆರ್‌ಡಿಎಕ್ಸ್ ಬಂತು, ಹತ್ತಿಯನ್ನು ಆಮ್ಲದಲ್ಲಿ ಪಳಗಿಸಿದ ನೈಟ್ರೋಸೆಲ್ಯುಲೋಸ್ ಬಂತು, ರಾಕೆಟ್ಟಿಗೆ ಪರ್‌ಕ್ಲೋರೇಟ್ ಬಂತು, ಮೊದಲ ಮಹಾಯುದ್ಧದಲ್ಲಿ ಮಸ್ಟರ್ಡ್ ಅನಿಲ ಬಂತು. ಇವು ನೆಂದರೆ ಕೆಡುವ ಜಾತಿಯವಲ್ಲ. ಟಿಎನ್‌ಟಿ ಮಣ್ಣಿಗೆ ಅಂಟಿಕೊಂಡು ದಶಕಗಟ್ಟಲೆ ಇರುತ್ತದೆ. ಆರ್‌ಡಿಎಕ್ಸ್ ಮಣ್ಣಿಗೆ ಅಂಟದೆ ಮಳೆನೀರಿನ ಜೊತೆ ಇಳಿದು ಅಂತರ್ಜಲ ಸೇರುತ್ತದೆ. ಎರಡೂ ಮನುಷ್ಯನ ಮೈಗೆ ಹಿತವಲ್ಲ.

ಹಾಗಾದರೆ ಬಳಸದ ಗುಂಡುಗಳನ್ನು ಉಗ್ರಾಣದಲ್ಲೇ ಬಿಟ್ಟರಾಗದೆ? ಆಗದು. ಗುಂಡನ್ನು ಫಿರಂಗಿಯ ಕೊಳವೆಯಿಂದ ಹೊರದೂಡುವ ಮದ್ದಿನಲ್ಲಿ, ಅಂದರೆ ಪ್ರೊಪೆಲೆಂಟ್‌ನಲ್ಲಿ, ಮುಖ್ಯವಾಗಿರುವುದು ನೈಟ್ರೋಸೆಲ್ಯುಲೋಸ್. ಅದು ಸುಮ್ಮನೆ ಇದ್ದಲ್ಲೇ ನಿಧಾನವಾಗಿ ಒಡೆಯುತ್ತ, ಆಮ್ಲದ ಆವಿ ಬಿಡುತ್ತ, ಕಾವೇರುತ್ತ ಹೋಗುತ್ತದೆ. ಆ ಆವಿಯನ್ನು ಹೀರಿ ತಣ್ಣಗಿಡಲೆಂದು ಡೈಫಿನೈಲಮಿನ್‌ನಂಥ ಒಂದು ರಾಸಾಯನಿಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿರುತ್ತಾರೆ. ಅದೊಂದು ಬಗೆಯ ಕಾವಲುಗಾರ. ವರ್ಷಗಳು ಕಳೆದಂತೆ ಕಾವಲುಗಾರ ಸವೆದು ಹೋಗುತ್ತಾನೆ. ಬಿಸಿಲಿನ ಊರಾದರೆ ಇನ್ನೂ ಬೇಗ. ಅವನು ಮುಗಿದ ದಿನ ಯಾರೂ ಕಡ್ಡಿ ಗೀರದಿದ್ದರೂ ರಾಶಿಗೆ ತಾನೇ ಬೆಂಕಿ ಹತ್ತಬಹುದು.

ಸೈಪ್ರಸ್ ದ್ವೀಪದಲ್ಲಿ ಆದದ್ದು ಇಂಥದೇ. ಇರಾನಿನಿಂದ ಸಿರಿಯಾಕ್ಕೆ ಹೊರಟಿದ್ದ ಹಡಗೊಂದರಿಂದ 2009ರಲ್ಲಿ ವಶಪಡಿಸಿಕೊಂಡ 98 ಕಂಟೇನರುಗಳಷ್ಟು ಮದ್ದುಗುಂಡನ್ನು ಅಲ್ಲಿಯ ಸರ್ಕಾರ ಮಾರಿ ಎಂಬಲ್ಲಿಯ ನೌಕಾನೆಲೆಯ ಬಯಲಿನಲ್ಲಿ ಪೇರಿಸಿಟ್ಟಿತು. ಏನು ಮಾಡುವುದೆಂದು ತೀರ್ಮಾನವಾಗಲಿಲ್ಲ. ಎರಡು ಬೇಸಗೆ ಅದರ ಮೇಲೆ ಹಾದುಹೋದವು. 2011ರ ಜುಲೈ 11ರ ಬೆಳಗಿನ ಜಾವ ರಾಶಿ ಸಿಡಿದು 13 ಮಂದಿ ಸತ್ತರು. ಸತ್ತವರಲ್ಲಿ ದೇಶದ ನೌಕಾಪಡೆಯ ಮುಖ್ಯಸ್ಥರೂ ಇದ್ದರು. ಪಕ್ಕದಲ್ಲಿದ್ದ ವಿದ್ಯುತ್ ಸ್ಥಾವರ ಹಾಳಾಗಿ, ದ್ವೀಪದ ಅರ್ಧಕ್ಕೂ ಹೆಚ್ಚು ವಿದ್ಯುತ್ತು ಒಂದೇ ಕ್ಷಣದಲ್ಲಿ ಇಲ್ಲವಾಯಿತು. ತೀರ್ಮಾನ ಮಾಡದಿರುವುದೂ ಒಂದು ತೀರ್ಮಾನವೇ ಎಂದು ಕಡತ ಮುಂದೂಡುವವರಿಗೆ ತಿಳಿಯುವುದು ಹೀಗೆ.

ಇಟ್ಟುಕೊಳ್ಳುವಂತಿಲ್ಲ ಎಂದ ಮೇಲೆ ತೊಲಗಿಸಬೇಕು. ಸೇನೆಗಳು ಮೊದಲು ಹಿಡಿದ ದಾರಿ ಸಮುದ್ರ.

ಎರಡನೆಯ ಮಹಾಯುದ್ಧ ಮುಗಿದಾಗ ಯೂರೋಪಿನಲ್ಲಿ ಬೆಟ್ಟದಷ್ಟು ಮದ್ದುಗುಂಡು ಉಳಿದಿತ್ತು. ಗೆದ್ದವರಿಗೆ ಬೇಗ ಮನೆಗೆ ಹೋಗುವ ಆತುರ, ಸೋತ ಜರ್ಮನಿಗೆ ಮಾತನಾಡುವ ಬಾಯಿಲ್ಲ. ಮೀನುಗಾರರ ದೋಣಿಗಳನ್ನೂ ಹಳೆಯ ಹಡಗುಗಳನ್ನೂ ಬಾಡಿಗೆಗೆ ಹಿಡಿದು ತುಂಬಿ ಸಮುದ್ರಕ್ಕೆ ಸುರಿದರು. ಡೆನ್ಮಾರ್ಕಿನ ಬಾರ್ನ್‌ಹೋಮ್ ದ್ವೀಪದ ಪೂರ್ವಕ್ಕೆ, ಬಾಲ್ಟಿಕ್ ಸಮುದ್ರದಲ್ಲಿ, ಹೀಗೆ ಸುರಿದ ರಾಸಾಯನಿಕ ಮದ್ದುಗುಂಡು ಸುಮಾರು 32,000 ಟನ್. ಮಸ್ಟರ್ಡ್ ಅನಿಲ ಎಂಬ ಹೆಸರೇ ಸ್ವಲ್ಪ ಮೋಸದ್ದು. ಅದು ಅನಿಲವಲ್ಲ, ಎಣ್ಣೆಯಂಥ ದ್ರವ. ಹದಿನಾಲ್ಕು ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುತ್ತದೆ. ತಣ್ಣನೆಯ ಕಡಲ ತಳದಲ್ಲಿ ಷೆಲ್ಲಿನ ತಗಡು ತುಕ್ಕು ಹಿಡಿದು ಉದುರಿದರೂ ಒಳಗಿನ ವಿಷ ಮೇಣದ ಉಂಡೆಯ ಹಾಗೆ ಉಳಿಯುತ್ತದೆ. ಬಾರ್ನ್‌ಹೋಮಿನ ಮೀನುಗಾರರ ಬಲೆಗೆ ಆ ಉಂಡೆಗಳು ಮೀನಿನ ಜೊತೆ ಸಿಕ್ಕುತ್ತ ಬಂದವು. ಮುಟ್ಟಿದವರ ಕೈ ಬೊಬ್ಬೆ ಎದ್ದಿತು. ವಿಷ ತಗುಲಿದ ಮೀನನ್ನು ಎಸೆದುಬಿಡಿ, ನಷ್ಟ ಕಟ್ಟಿಕೊಡುತ್ತೇವೆ ಎಂದು ಡೆನ್ಮಾರ್ಕ್ ಸರ್ಕಾರವೇ ವ್ಯವಸ್ಥೆ ಮಾಡಬೇಕಾಯಿತು. ಯುದ್ಧ ಮಾಡಿದವರು ಒಬ್ಬರು, ಸುರಿದವರು ಇನ್ನೊಬ್ಬರು, ದಂಡ ತೆರುವವರು ಮತ್ತೊಬ್ಬರು.

ಜರ್ಮನಿಯ ಬಾಲ್ಟಿಕ್ ದಂಡೆಯಲ್ಲಿ ಇನ್ನೊಂದು ವಿಚಿತ್ರ. ಅಲ್ಲಿ ಅಂಬರ್ ಎಂಬ ಹಳದಿ ಬಣ್ಣದ ಪಳೆಯುಳಿಕೆ ಅಂಟು ದಂಡೆಗೆ ಬಂದು ಬೀಳುತ್ತದೆ, ಜನ ಅದನ್ನು ಆರಿಸುತ್ತಾರೆ. ಬೆಂಕಿಬಾಂಬುಗಳಿಂದ ಸೋರಿದ ಬಿಳಿ ರಂಜಕದ ಚೂರುಗಳೂ ನೋಡಲು ಹಾಗೇ ಇರುತ್ತವೆ. ಒದ್ದೆ ಇರುವಷ್ಟು ಹೊತ್ತು ಅದು ತೆಪ್ಪಗಿರುತ್ತದೆ. ಜೇಬಿಗೆ ಹಾಕಿಕೊಂಡು ಒಣಗಿ, ಮೈಕಾವು ತಗುಲಿತೋ, ಜೇಬಿನಲ್ಲೇ ಹೊತ್ತಿಕೊಳ್ಳುತ್ತದೆ. ಅಂಬರ್ ಆರಿಸುವವರು ಅದನ್ನು ಜೇಬಿನಲ್ಲಲ್ಲ, ಲೋಹದ ಡಬ್ಬಿಯಲ್ಲಿ ಇಡಿ ಎಂದು ಎಚ್ಚರಿಕೆ ಕೊಡುವುದು ಅಲ್ಲಿ ರೂಢಿ.

ಬ್ರಿಟನ್ನಿನವರು ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ನಡುವಿನ ಬ್ಯೂಫರ್ಟ್ಸ್ ಡೈಕ್ ಎಂಬ ಕಡಲ ಕಮರಿಗೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಮದ್ದುಗುಂಡು ಸುರಿದರು. ಕೆಟ್ಟ ಹವೆಯಲ್ಲಿ ಕಮರಿಯವರೆಗೆ ಹೋಗುವ ತೊಂದರೆ ತೆಗೆದುಕೊಳ್ಳದೆ ದಾರಿಯಲ್ಲೇ ಇಳಿಸಿ ಬಂದದ್ದೂ ಉಂಟು. ಐವತ್ತು ವರ್ಷದ ಮೇಲೆ, 1995ರಲ್ಲಿ, ಅನಿಲದ ಕೊಳವೆ ಹಾಕಲೆಂದು ಆ ಭಾಗದ ತಳವನ್ನು ಕೆದಕಿದ ಸಮಯದಲ್ಲಿ ಸಾವಿರಾರು ಬೆಂಕಿಬಾಂಬುಗಳು ತೇಲಿ ದಡಕ್ಕೆ ಬಂದವು. ಕಡಲು ಎಂದರೆ ಮರೆವು ಎಂಬ ಲೆಕ್ಕ ಅಲ್ಲಿಗೆ ತಪ್ಪಾಯಿತು.

ಅಮೆರಿಕದವರ ಯೋಜನೆಗೆ ಹೆಸರೇ ತಮಾಷೆಯದು. ಹಳೆಯ ಹಡಗಿಗೆ ಮದ್ದು ತುಂಬಿ, ತೂತು ಕೊರೆದು ಮುಳುಗಿಸಿಬಿಡುವುದು. ಆ ವಾಕ್ಯದ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ 'ಚೇಸ್' ಎಂದು ಕರೆದರು. 1964ರಿಂದ ನಡೆದ ಈ ಕೆಲಸ 1970ರ ಆಗಸ್ಟಿನಲ್ಲಿ ನರವಿಷದ ರಾಕೆಟ್ಟುಗಳನ್ನು ಕಾಂಕ್ರೀಟಿನಲ್ಲಿ ಹುದುಗಿಸಿ ಫ್ಲಾರಿಡಾದ ಆಚೆ ಆಳ ಕಡಲಿನಲ್ಲಿ ಮುಳುಗಿಸುವವರೆಗೆ ಬಂತು. ವಿಷ ತುಂಬಿದ ರೈಲುಗಳು ಊರುಗಳ ನಡುವೆ ಹಾದು ಬಂದರು ಸೇರಿದಾಗ ಜನ ಎಚ್ಚೆತ್ತರು, ಸಂಸತ್ತಿನಲ್ಲಿ ಗಲಾಟೆಯಾಯಿತು. 1972ರಲ್ಲಿ ಅಮೆರಿಕ ಕಡಲಿಗೆ ಸುರಿಯುವುದನ್ನು ತಡೆಯುವ ಕಾನೂನು ಮಾಡಿತು. ಅದೇ ವರ್ಷ ಲಂಡನ್ ಒಪ್ಪಂದವೂ ಆಯಿತು. ಕಡಲಿನ ಬಾಗಿಲು ಮುಚ್ಚಿತು.

ಉಳಿದದ್ದು ಬೆಂಕಿ. ಬಯಲಿನಲ್ಲಿ ತಟ್ಟೆಗಳಲ್ಲಿ ಹರಡಿ ಸುಡುವುದು, ಇಲ್ಲವೇ ಗುಂಡಿ ತೋಡಿ, ಹಳೆಯ ಷೆಲ್ಲುಗಳನ್ನು ಜೋಡಿಸಿ, ಮೇಲೆ ಮಣ್ಣು ಮುಚ್ಚಿ ಸಿಡಿಸುವುದು. ಪ್ರಪಂಚದ ಬಹುಪಾಲು ಸೇನೆಗಳಿಗೆ ಇದೇ ಹಳೆಯ ಅಭ್ಯಾಸ. ಖರ್ಚು ಕಡಿಮೆ, ಕೆಲಸ ಬೇಗ, ಮದ್ದಿನ ಹತ್ತಿರ ಕೈ ಹಾಕಬೇಕಾದವರ ಸಂಖ್ಯೆಯೂ ಕಡಿಮೆ. ಈ ಕೊನೆಯ ಮಾತಿನಲ್ಲಿ ಸತ್ಯವಿದೆ ಎಂಬುದನ್ನು ಪರಿಸರವಾದಿಗಳೂ ಒಪ್ಪಬೇಕು. ಬಿಚ್ಚಲು ಹೋದರೆ ಸಿಡಿಯುವಂಥ, ಮುಟ್ಟಬಾರದ ಸ್ಥಿತಿಗೆ ಬಂದ ಗುಂಡುಗಳಿರುತ್ತವೆ. ಅವನ್ನು ಇದ್ದಲ್ಲೇ ಸಿಡಿಸುವುದೇ ಸರಿ. ಅಮೆರಿಕದ ಪರಿಸರ ಇಲಾಖೆ 1980ರಲ್ಲಿ ಅಪಾಯಕಾರಿ ತ್ಯಾಜ್ಯವನ್ನು ಬಯಲಲ್ಲಿ ಸುಡುವುದನ್ನು ನಿಷೇಧಿಸಿದಾಗ, ಬೇರೆ ಸುರಕ್ಷಿತ ದಾರಿ ಇಲ್ಲದ ಸ್ಫೋಟಕಗಳಿಗೆ ಮಾತ್ರ ವಿನಾಯಿತಿ ಕೊಟ್ಟದ್ದು ಇದಕ್ಕಾಗಿಯೇ. ಆದರೆ ವಿನಾಯಿತಿ ಎಂಬುದು ಹಿತ್ತಲ ಬಾಗಿಲು. ಒಮ್ಮೆ ತೆರೆದರೆ ಮುಂಬಾಗಿಲಿಗಿಂತ ಅದರಲ್ಲೇ ಓಡಾಟ ಹೆಚ್ಚು. ಬೇರೆ ದಾರಿಗಳು ಹುಟ್ಟಿದ ಮೇಲೂ ಸುಡುವುದು ದಶಕಗಟ್ಟಲೆ ನಡೆಯಿತು.

ಸುಟ್ಟದ್ದು ಎಲ್ಲಿಗೂ ಹೋಗುವುದಿಲ್ಲ ಎಂಬುದಕ್ಕೆ ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್ ಉದಾಹರಣೆ. ಅದು ಮರಳಿನ ನೆಲ, ಕೆಳಗಿರುವ ಒಂದೇ ಅಂತರ್ಜಲ ಇಡೀ ಸೀಮೆಗೆ ಕುಡಿಯುವ ನೀರಿನ ಮೂಲ. ಅಲ್ಲಿಯ ಸೇನಾ ತರಬೇತಿ ನೆಲೆಯಲ್ಲಿ ದಶಕಗಳ ಕಾಲ ಫಿರಂಗಿ ಹಾರಿಸಿದರು, ಹಳೆಯ ಮದ್ದನ್ನು ಸುಟ್ಟರು, ಸಿಡಿಸಿದರು. ಆರ್‌ಡಿಎಕ್ಸ್ ಮತ್ತು ಪರ್‌ಕ್ಲೋರೇಟ್ ಮರಳಿನೊಳಗೆ ಇಳಿದು ನೀರು ಸೇರಿದವು. 1997ರಲ್ಲಿ ಪರಿಸರ ಇಲಾಖೆ ಕುಡಿಯುವ ನೀರಿನ ಕಾನೂನಿನಡಿ ಫಿರಂಗಿ ಹಾರಿಸುವುದನ್ನೇ ನಿಲ್ಲಿಸಿತು. ಒಂದು ದೇಶದ ಸೇನೆಗೆ ಅದೇ ದೇಶದ ಪರಿಸರ ಇಲಾಖೆ ಗುಂಡು ಹಾರಿಸಬೇಡ ಎಂದು ಹೇಳಿದ ಪ್ರಸಂಗ ಅಪರೂಪದ್ದು. ಆಮೇಲೆ ಅಂತರ್ಜಲವನ್ನು ಮೇಲೆತ್ತಿ, ಸೋಸಿ, ಮತ್ತೆ ನೆಲಕ್ಕೆ ಇಳಿಸುವ ಕೆಲಸ ವರ್ಷಗಟ್ಟಲೆ ನಡೆಯಿತು. ಸುಡುವಾಗ ಉಳಿಸಿದ ಹಣ ನೀರು ತೊಳೆಯುವಾಗ ಎಷ್ಟೋ ಪಟ್ಟು ಹೋಯಿತು.

ಈ ಚರಿತ್ರೆಯಲ್ಲಿ ಒಂದು ಊರಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಲೂಸಿಯಾನಾ ರಾಜ್ಯದ ಉತ್ತರ ಭಾಗದಲ್ಲಿ ಮಿಂಡೆನ್ ಎಂಬ ಪಟ್ಟಣ. ಅದರ ಪಕ್ಕದಲ್ಲಿ ಎರಡನೆಯ ಮಹಾಯುದ್ಧದ ಕಾಲದ ಮದ್ದುಗುಂಡಿನ ಕಾರ್ಖಾನೆಯ ವಿಶಾಲ ಜಾಗ, ಈಗಿನ ಹೆಸರು ಕ್ಯಾಂಪ್ ಮಿಂಡೆನ್. ಸೇನೆ ತನ್ನ ಹಳೆಯ ಫಿರಂಗಿ ಮದ್ದಿನ ಚೀಲಗಳನ್ನು ಬಿಚ್ಚಿ ವಿಲೇವಾರಿ ಮಾಡುವ ಗುತ್ತಿಗೆಯನ್ನು 2010ರಲ್ಲಿ ಒಂದು ಖಾಸಗಿ ಕಂಪನಿಗೆ ಕೊಟ್ಟಿತು. ಕಂಪನಿಗೆ ಚೀಲವೂ ಬಂತು, ಹಣವೂ ಬಂತು. ಒಳಗಿದ್ದ ಎಂ6 ಎಂಬ ಮದ್ದನ್ನು ಮಾರುವುದು ಅದರ ಲೆಕ್ಕಾಚಾರ. ಕೊಳ್ಳುವವರು ಬೇಕಾದಷ್ಟು ಸಿಗಲಿಲ್ಲ.

2012ರ ಅಕ್ಟೋಬರ್ 15ರ ರಾತ್ರಿ ಅಲ್ಲಿಯ ಒಂದು ಮದ್ದಿನ ಮನೆ ಸಿಡಿಯಿತು. ಮೈಲಿಗಳಾಚೆ ಕಿಟಕಿ ಗಾಜು ಒಡೆದವು. ಜೀವ ಹಾನಿಯಾಗಲಿಲ್ಲ. ತನಿಖೆಗೆಂದು ಹೋದ ರಾಜ್ಯ ಪೊಲೀಸರು ಕಂಡದ್ದು ಸ್ಫೋಟಕ್ಕಿಂತ ಭಯಂಕರವಾಗಿತ್ತು. ಪೆಟ್ಟಿಗೆಗಳಲ್ಲಿ, ಚೀಲಗಳಲ್ಲಿ, ಕಟ್ಟಡದೊಳಗೆ, ಹೊರಗೆ ಬಯಲಿನಲ್ಲಿ, ಮಳೆಗೂ ಬಿಸಿಲಿಗೂ ಮೈಯೊಡ್ಡಿ ಎಂ6 ಬಿದ್ದಿತ್ತು. ಕೊನೆಗೆ ಲೆಕ್ಕ ಹಾಕಿದಾಗ ಒಂದೂವರೆ ಕೋಟಿ ಪೌಂಡಿಗೂ ಹೆಚ್ಚು, ಅಂದರೆ ಸುಮಾರು 68 ಲಕ್ಷ ಕಿಲೋ. ಪಕ್ಕದ ಡಾಯ್ಲೈನ್ ಎಂಬ ಸಣ್ಣ ಊರನ್ನು ಕೆಲವು ದಿನ ಖಾಲಿ ಮಾಡಿಸಿ, ಬಯಲಿನ ರಾಶಿಯನ್ನು ಮದ್ದಿನ ಮನೆಗಳಿಗೆ ಸಾಗಿಸಿದರು. 2013ರಲ್ಲಿ ಕಂಪನಿ ದಿವಾಳಿ ಎಂದು ಕೈತೊಳೆದುಕೊಂಡಿತು. ಮದ್ದು ಊರಿನವರ ಪಾಲಿಗೆ ಉಳಿಯಿತು.

ಈಗ ಗಡಿಯಾರದ ಓಟ. ಮದ್ದಿನೊಳಗಿನ ಕಾವಲುಗಾರ ರಾಸಾಯನಿಕ ಸವೆಯುತ್ತಿದೆ, ಯಾವಾಗ ಬೇಕಾದರೂ ಹೊತ್ತಿಕೊಳ್ಳಬಹುದು. ಯಾರು ಹಣ ಕೊಡಬೇಕೆಂದು ಸೇನೆ, ರಾಜ್ಯ, ಪರಿಸರ ಇಲಾಖೆ ವಾದಿಸಿದವು. 2014ರ ಅಕ್ಟೋಬರಿನಲ್ಲಿ ಒಪ್ಪಂದವಾಯಿತು: ಬಯಲಿನಲ್ಲಿ ತಟ್ಟೆಗಳ ಮೇಲೆ ಹರಡಿ ಸುಡುವುದು. ತಿಂಗಳುಗಟ್ಟಲೆ, ದಿನವೂ. ಪರಿಸರ ಕಾಪಾಡಬೇಕಾದ ಇಲಾಖೆಯೇ ಒಪ್ಪಿದ ಯೋಜನೆ ಇದು.

ಊರಿನವರು ಎಂ6ನಲ್ಲಿ ಏನಿದೆ ಎಂದು ಕೇಳಿದರು. ಅದರ ನೂರರಲ್ಲಿ ಹತ್ತು ಪಾಲು ಡೈನೈಟ್ರೋಟಾಲ್ಯೀನ್, ಕ್ಯಾನ್ಸರ್ ತರಬಹುದೆಂಬ ಶಂಕೆಯ ಪಟ್ಟಿಯಲ್ಲಿರುವ ವಸ್ತು. ಮೂರು ಪಾಲು ಡೈಬ್ಯೂಟೈಲ್ ಥ್ಯಾಲೇಟ್, ಗರ್ಭದಲ್ಲಿರುವ ಶಿಶುವಿನ ಬೆಳವಣಿಗೆಗೆ ಕೆಡುಕು ಮಾಡುವಂಥದ್ದು. ಬಯಲಿನ ಬೆಂಕಿಯಲ್ಲಿ ಇವು ಪೂರ್ತಿ ಸುಡುತ್ತವೆಯೇ, ಗಾಳಿ ತಿರುಗಿದ ದಿನ ಹೊಗೆ ಯಾವ ಶಾಲೆಯ ಮೇಲೆ ಇಳಿಯುತ್ತದೆ, ಅಳೆಯುವವರು ಯಾರು? ಅಲ್ಲಿಗೆ ಸಮೀಪದ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ಇದನ್ನೆಲ್ಲ ಸಾಮಾನ್ಯರಿಗೆ ತಿಳಿಯುವಂತೆ ವಿವರಿಸುತ್ತ ತಿರುಗಿದರು. ಅಂಗಡಿಯವರು, ಗೃಹಿಣಿಯರು, ನಿವೃತ್ತ ನೌಕರರು ಸಭೆ ಸೇರಿದರು. ಇದು ಅಮೆರಿಕದ ದೊಡ್ಡ ನಗರದ ಪರಿಸರ ಚಳವಳಿಯಲ್ಲ. ಸೇನೆಯ ಬಗ್ಗೆ ಗೌರವ ಇರುವ, ಸರ್ಕಾರದ ಜೊತೆ ಜಗಳ ಕಾಯುವ ಅಭ್ಯಾಸವಿಲ್ಲದ ದಕ್ಷಿಣದ ಸಣ್ಣ ಪಟ್ಟಣ. ಅವರ ಬೇಡಿಕೆಯೂ ಸರಳವಾಗಿತ್ತು. ಮದ್ದು ಹೋಗಲೇಬೇಕು, ಆದರೆ ನಮ್ಮ ಮೂಗಿನ ಮೂಲಕ ಹೋಗಬಾರದು.

2015ರ ಆರಂಭದಲ್ಲಿ ಪರಿಸರ ಇಲಾಖೆ ಸುಡುವುದನ್ನು ಮುಂದೂಡಿತು. ಊರಿನವರು, ವಿಜ್ಞಾನಿಗಳು, ರಾಜ್ಯದ ಮತ್ತು ಸೇನೆಯ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕೂರುವ ಒಂದು ಸಂವಾದ ಸಮಿತಿಯಾಯಿತು. ಒಂದೊಂದೇ ತಂತ್ರಜ್ಞಾನವನ್ನು ತೂಗಿ ನೋಡಿದರು. ಕೊನೆಗೆ ಆಯ್ಕೆಯಾದದ್ದು ಮುಚ್ಚಿದ ಕೋಣೆಯಲ್ಲಿ ಸುಡುವ ವಿಧಾನ. ಇದರ ಕ್ರಮ ತಿಳಿಯುವುದು ಕಷ್ಟವಲ್ಲ. ದಪ್ಪ ಉಕ್ಕಿನ ಕೋಣೆಯೊಳಗೆ ಅಳತೆ ಮಾಡಿದ ಮದ್ದನ್ನು ಕಳಿಸಿ ಬಾಗಿಲು ಹಾಕಿ ಹೊತ್ತಿಸುತ್ತಾರೆ. ಅದು ಕ್ಷಣದಲ್ಲಿ ಉರಿದು ಅನಿಲವಾಗುತ್ತದೆ. ಆ ಅನಿಲವನ್ನು ಒಮ್ಮೆಗೇ ಬಿಡದೆ ನಿಧಾನವಾಗಿ ಇನ್ನೊಂದು ಕುಲುಮೆಗೆ ಹಾಯಿಸಿ, ಉಳಿದದ್ದನ್ನು ಮತ್ತೆ ಸುಟ್ಟು, ಬೂದಿಯನ್ನು ಸೋಸಿ, ನೈಟ್ರೋಜನ್ ಆಕ್ಸೈಡುಗಳನ್ನು ತೆಗೆದು ಹೊರಬಿಡುತ್ತಾರೆ. ಚಿಮಣಿಯಲ್ಲಿ ಏನು ಹೋಗುತ್ತಿದೆ ಎಂಬುದನ್ನು ಅಳೆಯಬಹುದು, ತಪ್ಪಿದರೆ ನಿಲ್ಲಿಸಬಹುದು. ಬಯಲಿನ ಬೆಂಕಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಈ ಕೊನೆಯ ಎರಡು ಮಾತಿನಲ್ಲಿದೆ. ಬಯಲಿನಲ್ಲಿ ಹೊತ್ತಿಸಿದವನ ಕೈಯಲ್ಲಿ ಆಮೇಲೆ ಏನೂ ಇರುವುದಿಲ್ಲ.

2016ರ ಏಪ್ರಿಲಿನಲ್ಲಿ ಸುಡಲು ಶುರುವಾಗಿ 2017ರ ಏಪ್ರಿಲಿಗೆ ಕ್ಯಾಂಪ್ ಮಿಂಡೆನ್ನಿನ ಎಂ6 ಪೂರ್ತಿ ಮುಗಿಯಿತು. ಹಾಗೆ ಮುಗಿಯುತ್ತಿದ್ದಂತೆ ಊರಿನವರು ಇನ್ನೊಂದು ಮಾತು ತೆಗೆದರು: ಈ ಕುಲುಮೆ ಇಲ್ಲೇ ಉಳಿಯಬಾರದು. ಒಳ್ಳೆಯ ಯಂತ್ರ ಇದೆ ಎಂಬ ನೆಪದಲ್ಲಿ ದೇಶದ ಹಳೆಯ ಮದ್ದೆಲ್ಲ ತಮ್ಮ ಊರಿಗೆ ಬಂದೀತೆಂಬುದು ಅವರ ಭಯ. ಕಸದ ಊರು ಎಂದು ಒಮ್ಮೆ ಹೆಸರಾದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಸುತ್ತಿನ ಹಳ್ಳಿಗಳವರಿಗೆ, ಮಂಡೂರಿನವರಿಗೆ, ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಮಿಂಡೆನ್ನಿಗಿಂತ ಮೊದಲೇ ಕೆಂಟಕಿಯ ಜನ ಇದೇ ಹಾದಿಯಲ್ಲಿ ನಡೆದಿದ್ದರು. ಬ್ಲೂ ಗ್ರಾಸ್ ಎಂಬಲ್ಲಿಯ ಸೇನಾ ಉಗ್ರಾಣದಲ್ಲಿ 523 ಟನ್ ನರವಿಷ ಮತ್ತು ಮಸ್ಟರ್ಡ್ ಇತ್ತು. ಅದನ್ನು ಅಲ್ಲೇ ಸುಡುವುದಾಗಿ 1984ರಲ್ಲಿ ಸೇನೆ ಊರಿನ ಸಭೆ ಕರೆದು ತಿಳಿಸಿತು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದು ಬಡಗಿ ಕೆಲಸ ಮಾಡಿಕೊಂಡಿದ್ದ ಕ್ರೇಗ್ ವಿಲಿಯಮ್ಸ್ ಎಂಬಾತ ಇದನ್ನು ಪ್ರಶ್ನಿಸಿ, ಇಂಥ ಉಗ್ರಾಣಗಳಿದ್ದ ಬೇರೆ ರಾಜ್ಯಗಳ ಜನರನ್ನೂ ಕೂಡಿಸಿ, ಸುಡದೆ ಕರಗಿಸುವ ದಾರಿ ಹುಡುಕಿ ಎಂದು ಹಟ ಹಿಡಿದರು. 2006ರಲ್ಲಿ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಕೊನೆಗೆ ಕೆಂಟಕಿ ಮತ್ತು ಕೊಲರಾಡೊ ರಾಜ್ಯಗಳ ಎರಡು ಉಗ್ರಾಣಗಳಿಗೆ ಬೇರೆ ವಿಧಾನ ಒಪ್ಪಿಗೆಯಾಯಿತು. ವಿಷವನ್ನು ಬಿಸಿನೀರು ಅಥವಾ ಕ್ಷಾರದ ಜೊತೆ ಬೆರೆಸಿ ಒಡೆಯುವುದು. ಕೊಲರಾಡೊದ ಪ್ವೆಬ್ಲೊದಲ್ಲಿ ಹಾಗೆ ಒಡೆದ ಮಸ್ಟರ್ಡನ್ನು ಸೂಕ್ಷ್ಮಜೀವಿಗಳಿಗೆ ಉಣ್ಣಿಸಿದರು, ಊರಿನ ಒಳಚರಂಡಿ ನೀರನ್ನು ಶುದ್ಧ ಮಾಡುವ ಹಾಗೇ. 2023ರ ಜುಲೈ 7ರಂದು ಬ್ಲೂ ಗ್ರಾಸಿನಲ್ಲಿ ಕೊನೆಯ ಸರಿನ್ ರಾಕೆಟ್ ನಾಶವಾಯಿತು. ಅದರೊಂದಿಗೆ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದದಡಿ ಪ್ರಪಂಚದ ರಾಷ್ಟ್ರಗಳು ಘೋಷಿಸಿದ್ದ 72,304 ಟನ್ ವಿಷಾಸ್ತ್ರವೆಲ್ಲ ಮುಗಿದಂತಾಯಿತು. ಭಾರತವೂ 1997ರಲ್ಲಿ ತನ್ನಲ್ಲಿ 1,044 ಟನ್ ಮಸ್ಟರ್ಡ್ ಇರುವುದನ್ನು ಘೋಷಿಸಿ, 2009ರ ಮಾರ್ಚ್ ಹೊತ್ತಿಗೆ ಪೂರ್ತಿ ನಾಶ ಮಾಡಿತು. ಅಲ್ಬೇನಿಯಾ, ದಕ್ಷಿಣ ಕೊರಿಯಾಗಳ ನಂತರ ಹೀಗೆ ಮಾಡಿದ ಮೂರನೆಯ ದೇಶ ನಮ್ಮದು. ಈ ಸಂಗತಿ ಗೊತ್ತಿರುವವರು ನಮ್ಮಲ್ಲಿ ಕಡಿಮೆ.

ಸಾಮಾನ್ಯ ಮದ್ದುಗುಂಡಿಗೂ ಬಯಲು ಬೆಂಕಿಯೇ ಗತಿ ಎಂದೇನಿಲ್ಲ. ಟಿಎನ್‌ಟಿ ಸುಮಾರು 80 ಡಿಗ್ರಿಗೆ ಕರಗುತ್ತದೆ, ಆದ್ದರಿಂದ ಷೆಲ್ಲಿಗೆ ಹಬೆ ಹಾಯಿಸಿ ಮೇಣದಂತೆ ಇಳಿಸಿಕೊಳ್ಳಬಹುದು. ಕರಗದ ಜಾತಿಯ ಸ್ಫೋಟಕವನ್ನು ಅತಿ ಒತ್ತಡದ ನೀರಿನ ಎಳೆಯಿಂದ ಕೊರೆದು ತೆಗೆಯಬಹುದು. ಸಣ್ಣ ಗುಂಡುಗಳನ್ನು ಸುಮಾರು 550 ಡಿಗ್ರಿ ಕಾದ ಗಟ್ಟಿ ಉಕ್ಕಿನ ಪಾತ್ರೆಗೆ ಹಾಕಿದರೆ ಒಳಗೇ ಸಿಡಿದು ಬರಿಯ ಲೋಹ ಉಳಿಯುತ್ತದೆ. ಹಿತ್ತಾಳೆ, ಉಕ್ಕು ಮತ್ತೆ ಬಳಕೆಗೆ ಬರುತ್ತವೆ, ತೆಗೆದ ಸ್ಫೋಟಕದಲ್ಲಿ ಕೆಲಭಾಗ ಗಣಿ ಕೆಲಸಕ್ಕೆ ಆಗುತ್ತದೆ. ಅಮೆರಿಕದಲ್ಲಿ ವಿಲೇವಾರಿಗೆ ಕಾದಿದ್ದ ಹಳೆಯ ಮದ್ದುಗುಂಡು ಸುಮಾರು 4 ಲಕ್ಷ ಟನ್. ಬಯಲಿನಲ್ಲಿ ಸುಡುತ್ತಿದ್ದ ಬಹುತೇಕ ಎಲ್ಲ ಬಗೆಯ ಗುಂಡುಗಳಿಗೂ ಬೇರೆ ವಿಧಾನ ಸಿದ್ಧವಿದೆ ಎಂದು ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿ 2018ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. 1980ರ ದಶಕದಲ್ಲಿ ಸುಮಾರು ಶೇಕಡ 80ರಷ್ಟಿದ್ದ ಬಯಲು ವಿಲೇವಾರಿ ಅಷ್ಟು ಹೊತ್ತಿಗೆ ಶೇಕಡ 30ರ ಆಸುಪಾಸಿಗೆ ಇಳಿದಿತ್ತು. ಉಳಿದದ್ದು ಇಳಿಯದಿರಲು ಮುಖ್ಯ ಅಡ್ಡಿ ವಿಜ್ಞಾನವಲ್ಲ, ಹಣ.

ಆದರೆ ಬಿಚ್ಚಿ ತೆಗೆಯುವ ಕೆಲಸವನ್ನು ಅಗ್ಗದ ಕೈಗಳಿಗೆ ಬಿಟ್ಟರೆ ಅದು ಬೆಂಕಿಗಿಂತ ಕ್ರೂರ. ಅಲ್ಬೇನಿಯಾದ ಗೆರ್ಡೆಚ್ ಎಂಬ ಹಳ್ಳಿಯಲ್ಲಿ ಹಳೆಯ ಗುಂಡುಗಳನ್ನು ಬಿಚ್ಚುತ್ತಿದ್ದವರಲ್ಲಿ ಹೆಂಗಸರೂ ಹುಡುಗರೂ ಇದ್ದರು. ಹಿತ್ತಾಳೆಯ ಆಸೆಗೆ ನಡೆದ ಕೆಲಸ ಅದು. 2008ರ ಮಾರ್ಚ್ 15ರಂದು ಅದು ಸಿಡಿದು 26 ಜನ ಸತ್ತರು, ಊರೇ ನೆಲಸಮವಾಯಿತು. ಮಹಾರಾಷ್ಟ್ರದ ವರ್ಧಾ ಜಿಲ್ಲೆಯ ಪುಲಗಾಂವ್‌ನಲ್ಲಿ ಭಾರತೀಯ ಸೇನೆಯ ಅತಿ ದೊಡ್ಡ ಮದ್ದಿನ ಉಗ್ರಾಣವಿದೆ. 2016ರ ಮೇ 31ರ ರಾತ್ರಿ ಅಲ್ಲಿ ಬೆಂಕಿ ಬಿದ್ದು ಇಬ್ಬರು ಅಧಿಕಾರಿಗಳೂ ಸೇರಿ ಹಲವರು ಸತ್ತರು. 2018ರ ನವೆಂಬರ್ 20ರ ಬೆಳಿಗ್ಗೆ ಅದರ ಹತ್ತಿರದ ಬಯಲಿನಲ್ಲಿ, ಗುಂಡಿ ತೋಡಿ ಸಿಡಿಸಲೆಂದು ತಂದಿದ್ದ ಹಳೆಯ ಗುಂಡುಗಳನ್ನು ವಾಹನದಿಂದ ಇಳಿಸುವಾಗ ಸ್ಫೋಟವಾಗಿ 6 ಮಂದಿ ಸತ್ತರು. ಅವರಲ್ಲಿ ಸುತ್ತಿನ ಹಳ್ಳಿಗಳಿಂದ ದಿನಗೂಲಿಗೆ ಬಂದವರಿದ್ದರು. ಹೊಲದ ಕೆಲಸವಿಲ್ಲದ ದಿನ ಅವರಿಗೆ ಸಿಗುತ್ತಿದ್ದ ಕೂಲಿ ಅದು.

ಇದು ಸೇನೆಗಳಿಗೆ ಮಾತ್ರ ಸಂಬಂಧಿಸಿದ ಪಾಠವೂ ಅಲ್ಲ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಕಲ್ಲು ಕ್ವಾರಿಯ ಜಿಲೆಟಿನ್ ಕಡ್ಡಿಗಳನ್ನು ರಾತ್ರೋರಾತ್ರಿ ಗುಟ್ಟಾಗಿ ವಿಲೇವಾರಿ ಮಾಡಲು ಹೋಗಿ 6 ಜನ ಪ್ರಾಣ ಬಿಟ್ಟದ್ದು ಕೇಳುಗರಿಗೆ ನೆನಪಿರಬಹುದು. ಸ್ಫೋಟಕ ಕೊಳ್ಳಲು ಬೇಕಾದ ರಸೀದಿ, ಪರವಾನಗಿಗಳ ಬಗ್ಗೆ ಕಾನೂನು ಎಷ್ಟು ಮಾತಾಡಿದರೂ, ಉಳಿದದ್ದನ್ನು ಧೈರ್ಯವಾಗಿ ತಂದೊಪ್ಪಿಸುವ ಜಾಗ ಇಲ್ಲದಿದ್ದರೆ ಜನ ಕತ್ತಲನ್ನು ಹುಡುಕುತ್ತಾರೆ.

ಇನ್ನು ಹಿಂದೆ ಕಡಲಿಗೆ ಸುರಿದದ್ದರ ಗತಿ. ಜರ್ಮನಿಯ ಪಾಲಿನ ಉತ್ತರ ಮತ್ತು ಬಾಲ್ಟಿಕ್ ಸಮುದ್ರಗಳ ತಳದಲ್ಲಿ ಸುಮಾರು 16 ಲಕ್ಷ ಟನ್ ಸಾಮಾನ್ಯ ಮದ್ದುಗುಂಡು ಬಿದ್ದಿದೆ. ಕೀಲ್ ಬಂದರಿನ ಆಚೆ ಅಂಥ ರಾಶಿಯ ಹತ್ತಿರ ಬೆಳೆಸಿ ನೋಡಿದ ಕಪ್ಪೆಚಿಪ್ಪುಗಳ ಮೈಯಲ್ಲಿ ಟಿಎನ್‌ಟಿಯ ಅಂಶ ವಿಜ್ಞಾನಿಗಳಿಗೆ ಸಿಕ್ಕಿತು. ಹಡಗುಗಳಿಗೆ ಅಡ್ಡವಾದವನ್ನು ನೀರಿನಲ್ಲೇ ಸಿಡಿಸುವುದು ನೌಕಾಪಡೆಗಳ ಹಳೆಯ ಪದ್ಧತಿ. 2019ರ ಆಗಸ್ಟಿನಲ್ಲಿ ಫೆಮಾರ್ನ್ ಜಲಸಂಧಿಯ ರಕ್ಷಿತ ಪ್ರದೇಶದಲ್ಲಿ ಬ್ರಿಟಿಷರ ಕಾಲದ 42 ನೆಲಬಾಂಬುಗಳನ್ನು ಹೀಗೆ ಸಿಡಿಸಿದರು. ಮುಂದಿನ ವಾರಗಳಲ್ಲಿ ಹಂದಿಮೀನು ಎಂದು ಕರೆಯುವ ಪುಟ್ಟ ತಿಮಿಂಗಿಲ ಜಾತಿಯ ಪ್ರಾಣಿಗಳು ಹತ್ತಾರು ಸತ್ತು ದಡಕ್ಕೆ ಬಂದವು. ಕೊಯ್ದು ನೋಡಿದಾಗ ಕೆಲವುಗಳ ಕಿವಿಯೊಳಗೆ ಸ್ಫೋಟದ ಪೆಟ್ಟು ಕಂಡಿತು. ಸಿಡಿಸಲೇಬೇಕಾದ ಕಡೆ ಸುತ್ತ ಗಾಳಿಗುಳ್ಳೆಗಳ ಪರದೆ ಎಬ್ಬಿಸಿ ಸದ್ದನ್ನು ತಗ್ಗಿಸುವ ಉಪಾಯವಿದೆ, ಅಂದು ಅದನ್ನು ಬಳಸಿರಲಿಲ್ಲ. ಜರ್ಮನಿ ಆಮೇಲೆ 10 ಕೋಟಿ ಯೂರೋ ತೆಗೆದಿರಿಸಿ, 2024ರಲ್ಲಿ ಲ್ಯೂಬೆಕ್ ಕೊಲ್ಲಿಯಲ್ಲಿ ಪ್ರಯೋಗಾರ್ಥವಾಗಿ ಕೆಲಸ ಶುರುಮಾಡಿತು. ಸಿಡಿಸುವುದಿಲ್ಲ, ಮುಳುಗುಗಾರರು ಮತ್ತು ಯಂತ್ರಗಳು ತಳಕ್ಕಿಳಿದು ಷೆಲ್ಲುಗಳನ್ನು ಒಂದೊಂದಾಗಿ ಎತ್ತಿ, ಜಾತಿವಾರು ವಿಂಗಡಿಸಿ, ಬುಟ್ಟಿಗಳಲ್ಲಿ ಇಡುತ್ತಾರೆ. ಅವನ್ನು ದಡಕ್ಕೆ ತರದೆ ಕಡಲ ಮೇಲೆಯೇ ನಾಶ ಮಾಡುವ ತೇಲುವ ಕುಲುಮೆಯೊಂದನ್ನು ಕಟ್ಟುವುದು ಮುಂದಿನ ಯೋಜನೆ.